ಯಂತ್ರ ಕಸಿದದ್ದು ಯಾವ ಕೆಲಸ? ಉಳಿದ ಕೂಲಿ ಯಾರಿಗೆ?

(ಕಲಬುರಗಿಯಲ್ಲಿ ಕಾರ್ಮಿಕರ ಮತ್ತು ಕುಶಲಕರ್ಮಿ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



 

ದುಡಿಮೆಯ ಕುರಿತು ಮಾತನಾಡಲು ಕಲಬುರಗಿ ತಕ್ಕ ಊರು. ಈ ನಗರದೊಂದಿಗೆ ಎರಡು ಹೆಸರುಗಳು ಒಟ್ಟಿಗೆ ನೆನಪಾಗುತ್ತವೆ. ಒಂದು, 1422ರಲ್ಲಿ ಇಲ್ಲಿಯೇ ನಿಧನರಾದ ವಿದ್ವಾಂಸ, ಸೂಫಿ ಖಾಜಾ ಬಂದೇನವಾಝ್‌ರದ್ದು. ಇನ್ನೊಂದು, ಅರಳಗುಂಡಗಿಯಿಂದ ಬಂದು ಇಲ್ಲಿ ನೆಲೆಸಿದ ಶರಣಬಸವೇಶ್ವರರದ್ದು. ಹೋಳಿಯ ನಂತರ ಶರಣಬಸವೇಶ್ವರ ದೇವಸ್ಥಾನದ ತೇರಿಗೆ ಈ ಭಾಗದ ಹಳ್ಳಿ ಹಳ್ಳಿಗಳಿಂದ ಜನ ಸೇರುತ್ತಾರೆ. ಆ ಜನರ ಬಾಯಲ್ಲಿ ಕೇಳಿಬರುವ ಎರಡು ಪದಗಳು ಕಾಯಕ ಮತ್ತು ದಾಸೋಹ. ದುಡಿದು ಗಳಿಸಬೇಕು, ಗಳಿಸಿದ್ದನ್ನು ಹಂಚಿ ಉಣ್ಣಬೇಕು ಎಂಬುದು ಅದರ ಸಾರ. ನಮ್ಮ ವಿಶ್ವಾಸ ಬೇರೆ, ಆರಾಧನೆಯ ಮಾರ್ಗ ಬೇರೆ. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಹಲಾಲ್ ದುಡಿಮೆಯನ್ನು ಇಬಾದತ್ತಿನ ಸಾಲಿನಲ್ಲಿಟ್ಟು, ಗಳಿಕೆಯಲ್ಲಿ ಬಡವನ ಹಕ್ಕನ್ನು ಝಕಾತ್ ಎಂದು ಕಡ್ಡಾಯಗೊಳಿಸಿದ ಧರ್ಮದ ಅನುಯಾಯಿಗಳಿಗೆ ಈ ಮಾತು ಅಪರಿಚಿತವಲ್ಲ.

ಹಾಗಾದರೆ ಎರಡೂ ಸಮಾಜಗಳು ಕೂಡಿಯೇ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. ಕಾಯಕವೇ ಕೈತಪ್ಪುತ್ತಿರುವಾಗ, ಅದರ ಬೆಲೆಯೇ ಕುಸಿಯುತ್ತಿರುವಾಗ, ಹಂಚುವುದು ಏನನ್ನು?

ಯಂತ್ರ ಬಂತು, ಹೊಟ್ಟೆಯ ಮೇಲೆ ಹೊಡೆಯಿತು ಎಂಬ ದೂರು ಈ ಊರಿಗೆ ಹೊಸದಲ್ಲ. 19ನೇ ಶತಮಾನದ ಕೊನೆಯಲ್ಲಿ ಆರನೆಯ ನಿಝಾಮ ಮೀರ್ ಮಹಬೂಬ್ ಅಲಿ ಖಾನ್‌ರ ಕಾಲದಲ್ಲಿ ಇಲ್ಲಿ ಮಹಬೂಬ್ ಶಾಹಿ ಬಟ್ಟೆ ಗಿರಣಿ ಆರಂಭವಾಯಿತು. ಜನ ಅದನ್ನು ಎಂಎಸ್‌ಕೆ ಮಿಲ್ ಎಂದು ಕರೆದರು. ಕೈಮಗ್ಗದವರಿಗೆ ಅದು ಶತ್ರುವಾಗಿ ಕಂಡಿರಬಹುದು. ಆದರೆ ಅದೇ ಗಿರಣಿ ಮುಂದೆ ತಲೆಮಾರುಗಳ ಕಾರ್ಮಿಕರಿಗೆ ತಿಂಗಳ ಸಂಬಳ ನೀಡಿತು. ಕೊನೆಗೆ ಗಿರಣಿಯೂ ಮುಚ್ಚಿತು. ಬಡಾವಣೆಗೆ ಹೆಸರು ಮಾತ್ರ ಉಳಿಯಿತು. ಆದ್ದರಿಂದ ಯಂತ್ರವನ್ನು ಶಪಿಸುವುದರಿಂದಲೂ ಪ್ರಯೋಜನವಿಲ್ಲ, ಹೊಗಳುವುದರಿಂದಲೂ ಪ್ರಯೋಜನವಿಲ್ಲ. ಯಂತ್ರವು ನಮ್ಮ ಕೈಯಿಂದ ಯಾವ ಕೆಲಸವನ್ನು ತೆಗೆದುಕೊಂಡಿತು, ಯಾವ ಕೆಲಸವನ್ನು ಬಿಟ್ಟಿತು, ಬಿಟ್ಟ ಕೆಲಸವನ್ನು ಮಾಡಬಲ್ಲವರು ಯಾರು ಎಂದು ನೋಡಬೇಕು. ಕೂಲಿಯ ಹಣೆಬರಹ ಅಲ್ಲಿ ನಿರ್ಧಾರವಾಗುತ್ತದೆ.

ಉದ್ಯೋಗವೆಂಬ ಕಟ್ಟು

ಒಂದು ಉದ್ಯೋಗವೆಂದರೆ ಒಂದೇ ಕೆಲಸವಲ್ಲ, ಹಲವು ಕೆಲಸಗಳ ಕಟ್ಟು. ದರ್ಜಿಯನ್ನೇ ನೋಡಿ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು, ಹೊಲಿಯುವುದು, ಕಾಜಾ ಹಾಕುವುದು, ಇಸ್ತ್ರಿ ಮಾಡುವುದು, ಇವೆಲ್ಲವೂ ಅದರಲ್ಲಿವೆ. ಎಲ್ಲಕ್ಕೂ ಸಮಾನ ಬೆಲೆಯಿಲ್ಲ. ಕತ್ತರಿ ಹಿಡಿಯುವವನನ್ನು ಮಾಸ್ಟರ್ ಎನ್ನುತ್ತೇವೆ, ಕಾಜಾ ಹಾಕುವ ಹುಡುಗನನ್ನು ಹಾಗೆ ಕರೆಯುವುದಿಲ್ಲ. ಯಂತ್ರ ಇಡೀ ಉದ್ಯೋಗವನ್ನು ಒಮ್ಮೆಗೇ ನುಂಗುವುದು ಅಪರೂಪ. ಸಾಮಾನ್ಯವಾಗಿ ಅದು ಕಟ್ಟಿನಿಂದ ಒಂದೊಂದೇ ಕಡ್ಡಿಯನ್ನು ಎಳೆಯುತ್ತದೆ.

ಎಳೆದದ್ದು ಸುಲಭದ ಕಡ್ಡಿಯಾದರೆ ಉಳಿಯುವುದು ಕಷ್ಟದ ಕೆಲಸ. ಅದನ್ನು ಬಲ್ಲವರು ಕಡಿಮೆ, ಆದ್ದರಿಂದ ಅವರ ಕೂಲಿ ಏರುತ್ತದೆ. ಆದರೆ ಅಲ್ಲಿ ಜಾಗ ಕೆಲವರಿಗೆ ಮಾತ್ರ. ಎಳೆದದ್ದು ಕಷ್ಟದ ಕಡ್ಡಿಯಾದರೆ ಉಳಿಯುವುದು ಯಾರೂ ಮಾಡಬಹುದಾದ ಕೆಲಸ. ಆಗ ಜನ ಹೆಚ್ಚುತ್ತಾರೆ, ಕೂಲಿ ಕುಗ್ಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 2003ರಲ್ಲಿಯೇ ಇಂತಹ ವಿಶ್ಲೇಷಣೆಯೊಂದನ್ನು ಮಂಡಿಸಿದ್ದರು. ಕಂಪ್ಯೂಟರು ನಿಯಮಕ್ಕೆ ಕಟ್ಟುಬಿದ್ದ, ಮತ್ತೆ ಮತ್ತೆ ಒಂದೇ ರೀತಿ ಮಾಡುವ ಕೆಲಸವನ್ನು ಕಸಿಯುತ್ತದೆ, ಅದು ಕೈಕೆಲಸವೋ ಮೇಜಿನ ಮುಂದಿನ ಕೆಲಸವೋ ಎಂದು ನೋಡುವುದಿಲ್ಲ ಎಂಬುದು ಅದರ ತಿರುಳು. ಇದನ್ನು ಅರಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನಮ್ಮ ಮೊಹಲ್ಲಾಗಳನ್ನು ನೋಡಿದರೆ ಸಾಕು.

ಪಿಂಜಾರನ ಬಿಲ್ಲು, ಮುನೀಮನ ಖಾತೆ

ಉತ್ತರ ಕರ್ನಾಟಕದ ಊರುಗಳಲ್ಲಿ ಪಿಂಜಾರ ಅಥವಾ ನದಾಫ್ ಎಂದು ಕರೆಯಲ್ಪಡುವ ನಮ್ಮ ಸಹೋದರರಿದ್ದಾರೆ. ಅರಳೆ ಹಿಂಜಿ ಗಾದಿ, ದಿಂಬು ಮಾಡುವುದು ಅವರ ಕುಲಕಸುಬು. ಹೆಗಲ ಮೇಲೆ ಬಿಲ್ಲು ಹೊತ್ತು ಓಣಿ ಓಣಿ ತಿರುಗುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ತಂತಿಯನ್ನು ಎಷ್ಟು ಬಿಗಿಯಬೇಕು, ಎಷ್ಟು ಬಲವಾಗಿ ಮೀಟಿದರೆ ಎಳೆ ಹರಿಯದೆ ಗಂಟು ಬಿಡುತ್ತದೆ ಎಂಬುದು ಮಗನಿಗೆ ತಂದೆಯ ಪಕ್ಕದಲ್ಲಿ ಕುಳಿತು ವರ್ಷಗಟ್ಟಲೆ ಕಲಿತ ಮೇಲಷ್ಟೇ ಕೈಗೆ ಬರುತ್ತಿತ್ತು. ವಿದ್ಯುತ್ ಚಾಲಿತ ಹಿಂಜುವ ಯಂತ್ರ ಬಂದಾಗ ಕಸಿದದ್ದು ಆ ಕಷ್ಟದ ಭಾಗವನ್ನೇ. ಅರಳೆ ತುಂಬುವುದು, ಹೊಲಿಯುವುದು, ಮನೆಗೆ ಮುಟ್ಟಿಸುವುದು ಉಳಿದವು. ಇವನ್ನು ಮಾಡಲು ಪಿಂಜಾರನೇ ಆಗಬೇಕಾಗಿರಲಿಲ್ಲ. ಯಂತ್ರ ಕೊಳ್ಳುವ ಹಣವಿದ್ದವನು ಮಾಲೀಕನಾದ, ಬಿಲ್ಲು ಬಲ್ಲವನು ಅವನ ಬಳಿ ಆಳಾದ. ಆ ನಂತರ ಕಾರ್ಖಾನೆಯ ಫೋಮ್ ಹಾಸಿಗೆ ಬಂದು ಗಾದಿಯ ಬೇಡಿಕೆಯನ್ನೇ ಕುಗ್ಗಿಸಿತು. ಮೊದಲ ಪೆಟ್ಟು ಕೌಶಲಕ್ಕೆ, ಎರಡನೆಯದು ಸರಕಿಗೆ.

ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ಕಲಬುರಗಿಯ ಗಂಜಿನಲ್ಲಿ ಒಂದು ಕಾಲಕ್ಕೆ ಪ್ರತಿ ಅಡತಿ ಅಂಗಡಿಯಲ್ಲೂ ಮುನೀಮರು ಕೆಂಪು ಹೊದಿಕೆಯ ಖಾತೆಪುಸ್ತಕ ಹಿಡಿದು ಕೂತಿರುತ್ತಿದ್ದರು. ಕೂಡುವುದು, ಕಳೆಯುವುದು, ಬಡ್ಡಿ ಕಟ್ಟುವುದು, ಪಟ್ಟಿ ಬರೆಯುವುದು ಅವರ ದಿನಚರಿ. ಕಂಪ್ಯೂಟರು ಕೂಡು-ಕಳೆಯನ್ನು ತೆಗೆದುಕೊಂಡಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಲೆಕ್ಕಕ್ಕಿಂತ ಕಾನೂನಿನ ತಿಳಿವಳಿಕೆ ಮುಖ್ಯವಾಯಿತು. ಯಾವ ಸರಕಿಗೆ ಎಷ್ಟು ತೆರಿಗೆ, ಯಾವ ವಿವರ ಯಾವ ದಿನದೊಳಗೆ ಸಲ್ಲಿಸಬೇಕು, ನೋಟಿಸು ಬಂದರೆ ಏನು ಉತ್ತರಿಸಬೇಕು ಎಂದು ಬಲ್ಲವನಿಗೆ ಇಂದು ನಾಲ್ಕಾರು ಅಂಗಡಿಗಳ ಕೆಲಸ ಒಟ್ಟಿಗೆ ಸಿಗುತ್ತದೆ, ಸಂಪಾದನೆಯೂ ಹೆಚ್ಚು. ಆದರೆ ಅವನೊಬ್ಬ ಎದ್ದು ನಿಂತ ಜಾಗದಲ್ಲಿ ಮೊದಲು ನಾಲ್ವರು ಮುನೀಮರು ಕೂತಿದ್ದರು. ಅವರ ಮಕ್ಕಳ ಶಾಲೆಯ ಫೀಸನ್ನು ಈಗ ಯಾರು ಕಟ್ಟುತ್ತಾರೆ?

ಸರಾಸರಿ ಎಂಬ ಮರೀಚಿಕೆ

ಇನ್ನು ತೊಗರಿಗೆ ಬರೋಣ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಮಲಾಪುರ, ಆಳಂದ, ಚಿಂಚೋಳಿ, ಸೇಡಂ, ಜೇವರ್ಗಿಯ ಕರಿಮಣ್ಣಿನ ಹೊಲಗಳಿಂದ ಬರುವ ತೊಗರಿ ಇಲ್ಲಿನ ದಾಲ್ ಮಿಲ್ಲುಗಳಲ್ಲಿ ಬೇಳೆಯಾಗಿ ದೇಶಕ್ಕೆಲ್ಲ ಹೋಗುತ್ತದೆ. ಕಾಳನ್ನು ಸ್ವಚ್ಛ ಮಾಡಿ, ಎಣ್ಣೆ ಸವರಿ, ಬಿಸಿಲಲ್ಲಿ ಒಣಗಿಸಿ, ಸಿಪ್ಪೆ ತೆಗೆದು, ಒಡೆದು, ಕೊನೆಗೆ ಆರಿಸಿ ಚೀಲ ತುಂಬುತ್ತಾರೆ. ಆರಿಸುವ ಕೆಲಸ ಹೆಣ್ಣುಮಕ್ಕಳದ್ದಾಗಿತ್ತು. ಮೊರ ಹಿಡಿದು ಸಾಲಾಗಿ ಕುಳಿತು, ಕಲ್ಲು, ಕಪ್ಪುಗಾಳು, ಹುಳುಕು, ಸಿಪ್ಪೆಯುಳಿದ ಬೇಳೆ, ಇವನ್ನೆಲ್ಲ ಕಣ್ಣಳತೆಯಲ್ಲೇ ಹೆಕ್ಕುತ್ತಿದ್ದರು. ಅವರಲ್ಲಿ ನಮ್ಮ ವಿಧವೆಯರಿದ್ದರು, ಗಂಡ ಬಿಟ್ಟುಹೋದವರಿದ್ದರು, ದಲಿತ ತಾಯಂದಿರಿದ್ದರು.

ಈಗ ಆ ಜಾಗದಲ್ಲಿ ಬಣ್ಣ ಗುರುತಿಸುವ ಯಂತ್ರವಿದೆ. ಮಿಲ್ಲಿನವರು ಅದನ್ನು ಸಾರ್ಟೆಕ್ಸ್ ಎನ್ನುತ್ತಾರೆ. ಬೇಳೆ ಜಾರುತ್ತಾ ಬೀಳುವಾಗ ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ, ಬಣ್ಣ ತಪ್ಪಿದ್ದನ್ನು ಗಾಳಿಯ ಚಿಮ್ಮು ಹೊರಗೆ ತಳ್ಳುತ್ತದೆ. ಅದನ್ನು ನಡೆಸಲು ತರಬೇತಿ ಪಡೆದ ಒಬ್ಬ ಯುವಕ ಸಾಕು. ಅವನಿಗೆ ತಿಂಗಳ ಸಂಬಳ. ಹೆಣ್ಣುಮಕ್ಕಳಿಗೆ ಉಳಿದದ್ದು ಅಂಗಳ ಗುಡಿಸುವುದು, ಒಣಗಿಸುವುದು, ಚೀಲಕ್ಕೆ ತುಂಬುವುದು.

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಮಿಲ್ಲಿನಲ್ಲಿ 20 ಮಂದಿ ದಿನಕ್ಕೆ 300 ರೂಪಾಯಿಯಂತೆ ದುಡಿಯುತ್ತಿದ್ದರು ಎನ್ನಿ. ದಿನದ ಒಟ್ಟು ಕೂಲಿ 6,000 ರೂಪಾಯಿ. ಯಂತ್ರ ಬಂದ ಮೇಲೆ 5 ಮಂದಿ ಉಳಿದರು, ಅವರ ಸರಾಸರಿ ಕೂಲಿ 500 ಆಯಿತು. ಒಟ್ಟು 2,500 ರೂಪಾಯಿ. ವರದಿ ಬರೆಯುವವರು ಕೂಲಿ 300ರಿಂದ 500ಕ್ಕೆ ಏರಿತು ಎಂದು ಬರೆಯುತ್ತಾರೆ. ಅದು ಸುಳ್ಳಲ್ಲ. ಆದರೆ 15 ಮನೆಗಳ ಒಲೆ ಆ ವರದಿಯಲ್ಲಿಲ್ಲ. ಕಾರ್ಮಿಕರ ಕೈಗೆ ಬರುತ್ತಿದ್ದ 3,500 ರೂಪಾಯಿ ಎಲ್ಲಿ ಹೋಯಿತು? ಒಂದಿಷ್ಟು ಯಂತ್ರದ ಕಂತಿಗೆ, ಒಂದಿಷ್ಟು ವಿದ್ಯುತ್ತಿಗೆ, ಒಂದಿಷ್ಟು ಮಾಲೀಕನ ಲಾಭಕ್ಕೆ, ಒಂದಿಷ್ಟು ದೂರದ ಊರಿನ ಗ್ರಾಹಕನಿಗೆ ಸ್ವಚ್ಛ ಬೇಳೆಯ ರೂಪದಲ್ಲಿ. ಹೆಕ್ಕುತ್ತಿದ್ದ ಕೈಗಳಿಗೆ ಏನೂ ಬರಲಿಲ್ಲ.

ಮಾಲೀಕರನ್ನು ಖಳನಾಯಕರನ್ನಾಗಿ ಚಿತ್ರಿಸುವುದು ನಮ್ಮ ಉದ್ದೇಶವಲ್ಲ. ಕೊಳ್ಳುವವರು ಕಲ್ಲಿಲ್ಲದ, ಒಂದೇ ಬಣ್ಣದ ಬೇಳೆಯನ್ನು ಕೇಳುವಾಗ ಯಂತ್ರ ತರಿಸದ ಮಿಲ್ಲು ಬಾಗಿಲು ಹಾಕುತ್ತದೆ. ಆಗ ಉಳಿದ ಐವರ ಕೆಲಸವೂ ಹೋಗುತ್ತದೆ. ಆದರೆ ಇಲ್ಲಿ ನಾವು ಗಮನಿಸಬೇಕಾದ ಒಂದು ಅನ್ಯಾಯ ಯಂತ್ರಕ್ಕಿಂತ ಹಳೆಯದು. ಆ ತಾಯಂದಿರ ಕಣ್ಣಳತೆ ಒಂದು ಪರಿಣತಿಯಾಗಿತ್ತು. ಅದನ್ನು ಸರಿಗಟ್ಟಲು ಕ್ಯಾಮೆರಾ, ಕಂಪ್ಯೂಟರು, ಗಾಳಿಯ ಒತ್ತಡ ಎಲ್ಲವೂ ಬೇಕಾದವು. ಆದರೂ ಅದು ಹೆಣ್ಣಿನ ಕೆಲಸವೆಂಬ ಕಾರಣಕ್ಕೆ ಯಾರೂ ಅದನ್ನು ಪರಿಣತಿಯೆಂದು ಲೆಕ್ಕಹಾಕಲಿಲ್ಲ, ಅದಕ್ಕೆ ತಕ್ಕ ಕೂಲಿ ಕೊಡಲಿಲ್ಲ. ಬೆಲೆ ಕಟ್ಟದ ಕೌಶಲ ಕಳೆದುಹೋದಾಗ ಪರಿಹಾರ ಕೇಳುವುದಕ್ಕೂ ಅವರಿಗೆ ಆಧಾರವಿರಲಿಲ್ಲ.

ನಮ್ಮ ಗ್ಯಾರೇಜುಗಳ ಮುಂದಿನ ಕವಲುದಾರಿ

ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ನೀಡಿದ ವರದಿಯನ್ನು ನಾವು ಮೀಸಲಾತಿಯ ಚರ್ಚೆಯಲ್ಲಿ ಮಾತ್ರ ನೆನಪಿಸಿಕೊಳ್ಳುತ್ತೇವೆ. ಅದರಲ್ಲಿ ದುಡಿಮೆಯ ಕುರಿತ ಅಧ್ಯಾಯವೂ ಇದೆ. ದುಡಿಯುವ ಮುಸ್ಲಿಮರಲ್ಲಿ ಶೇಕಡಾ 61ರಷ್ಟು ಮಂದಿ ಸ್ವಂತ ಉದ್ಯೋಗದವರು ಎಂದು ಅದು ಹೇಳಿತು. ಸಂಬಳದ ನೌಕರಿಯಲ್ಲಿ ಅವರ ಪಾಲು ಕಡಿಮೆ. ಸ್ವಂತ ಉದ್ಯೋಗವೆಂದರೆ ಕೇಳಲು ಇಂಪು. ಆದರೆ ಅದರಲ್ಲಿ ಭವಿಷ್ಯ ನಿಧಿ ಇಲ್ಲ, ರಜೆಯ ಸಂಬಳ ಇಲ್ಲ, ಯಂತ್ರ ಬಂದಾಗ ಮಾತನಾಡಲು ಸಂಘವಿಲ್ಲ. ಕಂಪೆನಿಯ ನೌಕರನಿಗೆ ಹೊಸ ಯಂತ್ರದ ತರಬೇತಿಯನ್ನು ಕಂಪೆನಿ ಕೊಡುತ್ತದೆ. ಗ್ಯಾರೇಜಿನ ಉಸ್ತಾದ್‌ಗೆ ಯಾರು ಕೊಡುತ್ತಾರೆ?

ದ್ವಿಚಕ್ರ ವಾಹನಗಳ ದುರಸ್ತಿ ನಮ್ಮ ಸಾವಿರಾರು ಕುಟುಂಬಗಳ ಅನ್ನ. ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ, ಕಾರ್ಬುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಗಾಡಿಯನ್ನು ಸರಿದಾರಿಗೆ ತರುವ ಉಸ್ತಾದರು ಪ್ರತಿ ಊರಲ್ಲೂ ಇದ್ದಾರೆ. 2020ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಬಿಎಸ್-6 ಮಾನದಂಡ ಕಡ್ಡಾಯವಾಯಿತು. ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಬದಲು ಇಂಧನವನ್ನು ಅಳೆದು ಚಿಮ್ಮಿಸುವ ವ್ಯವಸ್ಥೆ ಬಂತು. ಸೆನ್ಸರ್‌ಗಳು ಹೇಳುವುದನ್ನು ಒಂದು ಪುಟ್ಟ ಕಂಪ್ಯೂಟರು ಕೇಳಿ ನಿರ್ಧರಿಸುತ್ತದೆ. ಅದರ ದೋಷವನ್ನು ಕಿವಿ ಹಿಡಿಯಲಾರದು, ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇದ್ದು ಅದು ತೋರಿಸುವ ಸಂಕೇತ ಅರ್ಥವಾಗುವವನಿಗೆ ಇಂದು ಬೇಡಿಕೆ ಹೆಚ್ಚು. ಇಲ್ಲದವನಿಗೆ ಉಳಿಯುವುದು ಆಯಿಲ್ ಬದಲಿಸುವುದು, ಪಂಕ್ಚರ್ ಹಾಕುವುದು, ಗಾಡಿ ತೊಳೆಯುವುದು. ವಿದ್ಯುತ್ ವಾಹನಕ್ಕೆ ಆಯಿಲ್ ಬದಲಿಸುವ ಇಂಜಿನ್ನೇ ಇಲ್ಲ. ಅಲ್ಲಿ ಬ್ಯಾಟರಿ, ಮೋಟಾರು, ಕಂಟ್ರೋಲರ್ ಬಲ್ಲವನಿಗೆ ಮಾತ್ರ ಕೆಲಸ.

ಅಂದರೆ ಪಿಂಜಾರರ ಮುಂದೆ ಇರದಿದ್ದ ಒಂದು ಅವಕಾಶ ನಮ್ಮ ಮೆಕ್ಯಾನಿಕ್‌ಗಳ ಮುಂದೆ ಇನ್ನೂ ಇದೆ. ಇಲ್ಲಿ ಕಷ್ಟದ ಕೆಲಸ ಮಾಯವಾಗಿಲ್ಲ, ರೂಪ ಬದಲಿಸಿದೆ. ಅದನ್ನು ನಮ್ಮ ಮಕ್ಕಳು ಹಿಡಿಯುತ್ತಾರೋ ಬಿಡುತ್ತಾರೋ ಎಂಬುದು ಮುಂದಿನ ಕೆಲವೇ ವರ್ಷಗಳಲ್ಲಿ ನಿರ್ಧಾರವಾಗಲಿದೆ. ಏಳನೇ ತರಗತಿಗೆ ಶಾಲೆ ಬಿಡಿಸಿ ಮಗನನ್ನು ಗ್ಯಾರೇಜಿಗೆ ಹಾಕುವ ತಂದೆ, ಕಸುಬು ಕೈಗೆ ಬರುತ್ತದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಸ್ಕ್ಯಾನರಿನ ಪರದೆಯನ್ನು ಓದಲಾರದ ಮಗುವಿಗೆ ಯಾವ ಕಸುಬು ಕೈಗೆ ಬರುತ್ತದೆ? 14 ವರ್ಷದೊಳಗಿನ ಮಗುವನ್ನು ಹೀಗೆ ದುಡಿಮೆಗೆ ಹಚ್ಚುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಮಗುವಿನ ಮುಂದಿನ 40 ವರ್ಷಗಳ ಕೂಲಿಯನ್ನು ಇಂದಿನ 100 ರೂಪಾಯಿಗೆ ಮಾರುವ ವ್ಯವಹಾರವೂ ಹೌದು.

ಕೌಶಲವೊಂದೇ ಸಾಲದು

ಕಷ್ಟದ ಕೆಲಸ ಕಲಿತರೆ ಕೂಲಿ ತಾನಾಗಿ ಏರುತ್ತದೆ ಎಂಬುದೂ ಪೂರ್ಣ ಸತ್ಯವಲ್ಲ. ನೆರೆಯ ಬೀದರಿನ ಬಿದ್ರಿ ಕಲೆಯನ್ನು ನೋಡೋಣ. ಸತುವಿನ ಪಾತ್ರೆಯ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಆ ಕೆಲಸದ ಹೃದಯಭಾಗವನ್ನು ಯಂತ್ರ ಇನ್ನೂ ಮುಟ್ಟಿಲ್ಲ. ಉಜ್ಜಿ ಹೊಳಪು ಕೊಡುವ ದಣಿವಿನ ಕೆಲಸವನ್ನಷ್ಟೇ ಮೋಟಾರು ಹಗುರಗೊಳಿಸಿತು. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ನಾವು ಹೇಳಿದ ಲೆಕ್ಕದ ಪ್ರಕಾರ ಬಿದ್ರಿ ಕೆಲಸಗಾರರೆಲ್ಲ ಸುಖವಾಗಿರಬೇಕಿತ್ತು. ಆದರೆ ಬೆಳ್ಳಿ ಕೊಳ್ಳಲು ಬಂಡವಾಳವಿಲ್ಲದವನು, ಗ್ರಾಹಕನ ಮುಖ ಕಾಣದವನು, ತುಂಡಿಗೆ ಇಷ್ಟೆಂದು ವ್ಯಾಪಾರಿಗೆ ದುಡಿಯುವವನು ತನ್ನ ಪರಿಣತಿಯ ಬೆಲೆಯನ್ನು ತಾನೇ ಹೇಳಲಾರ. ಕೌಶಲಕ್ಕೆ ಬೆಲೆ ಬರಲು ಸಾಧನ, ಬಂಡವಾಳ, ಮಾರುಕಟ್ಟೆ ಮತ್ತು ಒಗ್ಗಟ್ಟು ಜೊತೆಗಿರಬೇಕು.

ಮೊಬೈಲ್ ಆ್ಯಪ್‌ಗಳಿಗಾಗಿ ಊಟ, ಸಾಮಾನು, ಪ್ರಯಾಣಿಕರನ್ನು ಸಾಗಿಸುವ ನಮ್ಮ ಯುವಕರ ಸ್ಥಿತಿಯೂ ಇಂಥದ್ದೇ. ದಾರಿ ಹುಡುಕುವ ಜಾಣ್ಮೆಯನ್ನು ಫೋನು ತೆಗೆದುಕೊಂಡಿತು. ಉಳಿದದ್ದು ಓಡಿಸುವುದು. ಅದನ್ನು ಬಲ್ಲವರು ಲಕ್ಷಾಂತರ ಮಂದಿ. ಆದ್ದರಿಂದ ದರವನ್ನು ನಿರ್ಧರಿಸುವುದು ಕಂಪೆನಿ.

ಧರ್ಮ ಏನು ಹೇಳುತ್ತದೆ?

ಇಸ್ಲಾಮ್ ತಂತ್ರಜ್ಞಾನದ ವೈರಿಯಲ್ಲ. ಕಬ್ಬಿಣವನ್ನು ಮೆದುಗೊಳಿಸಿ ಯುದ್ಧಕವಚ ಮಾಡುವ ವಿದ್ಯೆಯನ್ನು ಪ್ರವಾದಿ ದಾವೂದ್(ಅ)ರಿಗೆ ಕಲಿಸಿದ್ದನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಅನುಗ್ರಹವೆಂದೇ ವರ್ಣಿಸುತ್ತದೆ. ಆದರೆ ಸಂಪತ್ತು ಧನಿಕರ ನಡುವೆಯೇ ಸುತ್ತುತ್ತಿರುವುದನ್ನು ಅದೇ ಕುರ್‌ಆನ್ ಒಪ್ಪುವುದಿಲ್ಲ. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಪ್ರವಾದಿ ಮುಹಮ್ಮದ್(ಸ)ರು ಎಚ್ಚರಿಸಿದ್ದಾರೆ. ಯಂತ್ರದಿಂದ ಉಳಿತಾಯ ಮಾಡಿಕೊಂಡ ನಮ್ಮ ಉದ್ಯಮಿಗಳು ಈ ಎರಡು ಮಾತುಗಳ ಮುಂದೆ ತಮ್ಮ ಲೆಕ್ಕಪುಸ್ತಕವನ್ನು ತೆರೆದಿಡಲಿ.

ಬೇಡಲು ಬಂದ ಅನ್ಸಾರಿಯೊಬ್ಬರ ಘಟನೆ ನಮ್ಮ ಖುತ್ಬಾಗಳಲ್ಲಿ ಆಗಾಗ ಬರುತ್ತದೆ. ಪ್ರವಾದಿ(ಸ)ರು ಅವರ ಮನೆಯಲ್ಲಿದ್ದ ಒಂದು ಬಟ್ಟೆಯನ್ನೂ ಒಂದು ಬಟ್ಟಲನ್ನೂ ತರಿಸಿ ಹರಾಜು ಹಾಕಿದರು. ಎರಡು ದಿರ್ಹಮ್ ಬಂತು. ಒಂದು ದಿರ್ಹಮಿನಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ. ಆ ಕೊಡಲಿಗೆ ತಮ್ಮ ಕೈಯಾರೆ ಹಿಡಿ ಹಾಕಿಕೊಟ್ಟು, ಸೌದೆ ಕಡಿದು ಮಾರುವಂತೆ ಹೇಳಿ, 15 ದಿನಗಳ ಗಡುವು ನೀಡಿದರು. ಆ ವ್ಯಕ್ತಿ 10 ದಿರ್ಹಮ್ ಸಂಪಾದಿಸಿ ಮರಳಿದರು. ಈ ಘಟನೆಯನ್ನು ನಾವು ಭಿಕ್ಷೆಯ ವಿರುದ್ಧದ ಉಪದೇಶವಾಗಿ ಮಾತ್ರ ಹೇಳುತ್ತೇವೆ. ಅದರಲ್ಲಿ ಆರ್ಥಿಕ ನೀತಿಯೊಂದಿದೆ. ಮೊದಲು ಮನೆಯ ಹಸಿವು, ಆ ಬಳಿಕ ಸಾಧನ, ಆ ಬಳಿಕ ಸಮಯ, ಕೊನೆಗೆ ಮೇಲ್ವಿಚಾರಣೆ. ನಾಲ್ಕರಲ್ಲಿ ಒಂದನ್ನು ಬಿಟ್ಟರೂ ಕೆಲಸ ಕೆಡುತ್ತದೆ.

ಸಮಯದ ಮಹತ್ವವನ್ನು ಇಬ್ನ್ ಖಲ್ದೂನ್ ಅರಿತಿದ್ದರು. ಸಂಪಾದನೆಯೆಂಬುದು ಮನುಷ್ಯನ ಶ್ರಮದ ಬೆಲೆ ಎಂದು 1377ರಲ್ಲಿ ಬರೆದ ಮುಕದ್ದಿಮಾದಲ್ಲಿ ವಿವರಿಸಿದ ಅವರೇ, ಒಂದು ಕಸುಬಿನಲ್ಲಿ ಪಳಗಿದವನು ಇನ್ನೊಂದರಲ್ಲಿ ಅದೇ ಪರಿಣತಿ ಗಳಿಸುವುದು ವಿರಳ ಎಂದೂ ಹೇಳಿದ್ದಾರೆ. 45 ವರ್ಷದ ಉಸ್ತಾದ್‌ಗೆ ಎರಡು ದಿನದ ಶಿಬಿರ ನಡೆಸಿ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವವರು ಈ ಮಾತನ್ನು ನೆನಪಿಡಬೇಕು. ಅಂಗಡಿ ಮುಚ್ಚಿ ಕಲಿಯಲು ಬಂದವನ ಮನೆಯಲ್ಲಿ ಆ ತಿಂಗಳು ಒಲೆ ಉರಿಯಬೇಕಲ್ಲವೇ?

ಸರ್ಕಾರದ ಹೊಣೆ

ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲಿಯೇ ತೀರ್ಪು ನೀಡಿದೆ. 2025ರ ನವೆಂಬರ್ 21ರಂದು ಜಾರಿಗೆ ತಂದ ಹೊಸ ಕಾರ್ಮಿಕ ಸಂಹಿತೆಗಳು ಕನಿಷ್ಠ ಕೂಲಿಯ ಹಕ್ಕನ್ನು ಎಲ್ಲ ಕಾರ್ಮಿಕರಿಗೂ ವಿಸ್ತರಿಸುವುದಾಗಿ ಹೇಳುತ್ತವೆ. ಅದು ಸ್ವಾಗತಾರ್ಹ. ಆದರೆ ಕಾರ್ಮಿಕರನ್ನು ತೆಗೆದುಹಾಕಲು ಸರ್ಕಾರದ ಅನುಮತಿ ಪಡೆಯಬೇಕಾದ ಕಾರ್ಖಾನೆಗಳ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದ್ದೂ ಅವೇ ಸಂಹಿತೆಗಳು. 20 ಮಂದಿ ದುಡಿಯುವ ಮಿಲ್ಲಿನ ಹೆಣ್ಣುಮಗಳಿಗೆ ಹಿಂದೆಯೂ ಆ ರಕ್ಷಣೆ ಇರಲಿಲ್ಲ, ಈಗಲೂ ಇಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ ನೆರವು ನೀಡುತ್ತದೆ. ದರ್ಜಿ, ಕ್ಷೌರಿಕ, ಗೌಂಡಿ, ಬಡಗಿ ಅದರಲ್ಲಿದ್ದಾರೆ. ಗಾದಿ ಮಾಡುವವರೂ ಮೋಟಾರು ಮೆಕ್ಯಾನಿಕ್‌ಗಳೂ ಆ ಪಟ್ಟಿಯಲ್ಲಿಲ್ಲ. ಅವರನ್ನೂ ಸೇರಿಸಬೇಕೆಂದು ನಮ್ಮ ಜನಪ್ರತಿನಿಧಿಗಳು ಒತ್ತಾಯಿಸಲಿ. ರಾಜ್ಯ ಸರ್ಕಾರ 2024ರಲ್ಲಿ ತಂದ ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಕಲ್ಯಾಣ ಕಾಯಿದೆಯಲ್ಲಿ ಗ್ಯಾರೇಜು ಕಾರ್ಮಿಕರಿಗೂ ಸ್ಥಾನವಿದೆ. 2025ರ ಗಿಗ್ ಕಾರ್ಮಿಕರ ಕಾಯಿದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇಕಡಾ 1ರಿಂದ 5ರಷ್ಟನ್ನು ಕಂಪೆನಿಯಿಂದ ಪಡೆದು ಕಲ್ಯಾಣ ನಿಧಿಗೆ ಸೇರಿಸಲು ಅವಕಾಶ ನೀಡುತ್ತದೆ. ಹೆಸರು ನೋಂದಾಯಿಸದವನಿಗೆ ಕಾನೂನಿನಿಂದ ಪ್ರಯೋಜನವಿಲ್ಲ. ಮಸೀದಿಯ ಅಂಗಳದಲ್ಲಿ ಜುಮಾ ನಮಾಝಿನ ಬಳಿಕ ಒಂದು ಮೇಜು ಹಾಕಿ ನೋಂದಣಿ ಮಾಡಿಸಲು ಯಾವ ಸರ್ಕಾರದ ಅಪ್ಪಣೆ ಬೇಕು?

ನಮ್ಮ ಹೊಣೆ

ಸರ್ಕಾರದತ್ತ ಬೊಟ್ಟು ಮಾಡಿ ಮನೆಗೆ ಹೋಗುವುದು ಸುಲಭ. ಸಮುದಾಯವಾಗಿ ನಮ್ಮ ಕೈಯಲ್ಲಿರುವುದನ್ನು ನೋಡೋಣ.

ಒಂದನೆಯದಾಗಿ, ಝಕಾತನ್ನು ಚಿಲ್ಲರೆಯಾಗಿ ಹಂಚುವ ರೂಢಿ ನಿಲ್ಲಬೇಕು. ರಮಝಾನಿನಲ್ಲಿ ನೂರು ಮಂದಿಗೆ ನೂರು ರೂಪಾಯಿಯಂತೆ ಕೊಟ್ಟರೆ ಮುಂದಿನ ವರ್ಷ ಅದೇ ನೂರು ಮಂದಿ ಬಾಗಿಲಲ್ಲಿರುತ್ತಾರೆ. ಅದನ್ನು ಜಮಾಅತಿನ ಮೂಲಕ ಒಟ್ಟುಗೂಡಿಸಿ, ಹಸಿದವರಿಗೆ ಆಹಾರ ಕೊಟ್ಟ ಬಳಿಕ, ಅರ್ಹ ಮೆಕ್ಯಾನಿಕ್‌ಗೆ ಸ್ಕ್ಯಾನರ್, ಕೆಲಸ ಕಳೆದುಕೊಂಡ ಸಹೋದರಿಗೆ ಹೊಲಿಗೆ ಯಂತ್ರ ಮತ್ತು ಕತ್ತರಿಸುವ ವಿದ್ಯೆ ಕೊಡಿಸಬಹುದು. ಬರೀ ಹೊಲಿಗೆಯಂತ್ರ ಸಾಲದು. ಸಿದ್ಧ ಉಡುಪಿನ ಈ ಕಾಲದಲ್ಲಿ ಹೊಲಿಯುವವರಿಗಿಂತ ಅಳತೆ ಹಿಡಿದು ಕತ್ತರಿಸಬಲ್ಲವರಿಗೆ ಬೆಲೆ ಹೆಚ್ಚು.

ಎರಡನೆಯದಾಗಿ, ಕಲಿಕೆಯ ತಿಂಗಳುಗಳಿಗೆ ಬಡ್ಡಿರಹಿತ ಸಾಲದ ನಿಧಿ ಬೇಕು. ಒಂದು ಮದುವೆಯ ಹಾಲಿನ ಬಾಡಿಗೆ ಮತ್ತು ಅಲಂಕಾರಕ್ಕೆ ನಾವು ಚೆಲ್ಲುವ ಹಣ ಹಲವು ಯುವಕರ ಆರು ತಿಂಗಳ ತರಬೇತಿಗೆ ಸಾಕು. ಮೆಹರ್ ಕೊಡಬೇಕಾದವರು ವರದಕ್ಷಿಣೆ ಕೇಳಿ, ಆ ಹಣವನ್ನು ಒಂದೇ ರಾತ್ರಿ ದೀಪಗಳಿಗೆ ಸುರಿದು, ಮಗನಿಗೆ ಕೆಲಸವಿಲ್ಲವೆಂದು ಕೊರಗುವುದು ಎಂತಹ ವಿಪರ್ಯಾಸ!

ಮೂರನೆಯದಾಗಿ, ಈ ನಗರದಲ್ಲಿ ಶರಣಬಸವೇಶ್ವರರ ಹೆಸರಿನಲ್ಲಿಯೂ ಖಾಜಾ ಬಂದೇನವಾಝ್‌ರ ಹೆಸರಿನಲ್ಲಿಯೂ ವಿಶ್ವವಿದ್ಯಾಲಯಗಳಿವೆ. ಸರ್ಕಾರಿ ಐಟಿಐ ಇದೆ, ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಪದವಿಗೆ ಬರುವ ಮಕ್ಕಳಿಗೆ ಅಲ್ಲಿ ಬಾಗಿಲು ತೆರೆದಿದೆ. ಹಗಲೆಲ್ಲ ದುಡಿದು ಸಂಜೆ ಕಲಿಯಬಲ್ಲ ಕೆಲಸಗಾರನಿಗೂ ಅಂತಹ ಪ್ರಯೋಗಾಲಯಗಳ ಒಂದು ಮೂಲೆ ತೆರೆಯಲಿ ಎಂಬುದು ನಮ್ಮ ವಿನಂತಿ. ದಾಸೋಹದಲ್ಲಿ ಅನ್ನಕ್ಕೆ ಜಾತಿ ಕೇಳದ ಊರಿನಲ್ಲಿ ವಿದ್ಯೆಗೆ ಸಂಜೆಯ ಹೊತ್ತು ದೊರೆಯಲಾರದೇ?

ನಾಲ್ಕನೆಯದಾಗಿ, ನಮ್ಮ ಉದ್ಯಮಿಗಳಿಗೆ ಒಂದು ಮಾತು. ಯಂತ್ರ ತರಿಸಿ, ತಪ್ಪಿಲ್ಲ. ಆದರೆ ತರಿಸುವ ಮೊದಲು ದುಡಿಯುವವರನ್ನು ಕೂರಿಸಿಕೊಂಡು ಹೇಳಿ. ಅವರಲ್ಲಿ ಕಲಿಯಬಲ್ಲ ಹೆಣ್ಣುಮಗಳೊಬ್ಬಳಿದ್ದರೆ ಆ ಯಂತ್ರವನ್ನು ನಡೆಸುವುದನ್ನು ಮೊದಲು ಅವಳಿಗೇ ಕಲಿಸಿ. ಒಳ್ಳೆಯ ಬೇಳೆ ಯಾವುದು, ಕೆಟ್ಟದ್ದು ಯಾವುದು ಎಂದು ಆ ಯಂತ್ರಕ್ಕಿಂತ ಮೊದಲು ಬಲ್ಲವಳು ಅವಳೇ. ಹೋಗಲೇಬೇಕಾದವರಿಗೆ ಬರಿಗೈ ತೋರಿಸಬೇಡಿ. ಉಳಿತಾಯದ ಮೊದಲ ವರ್ಷದ ಒಂದು ಪಾಲು ಅವರ ಹಕ್ಕೆಂದು ಭಾವಿಸಿ.

ಕೊನೆಯದಾಗಿ, ತಂದೆತಾಯಂದಿರೇ, ಮಗ ಯಾವ ಉದ್ಯೋಗ ಮಾಡಬೇಕು ಎಂದು ಕೇಳುವ ಬದಲು, ಆ ಉದ್ಯೋಗದ ಯಾವ ಭಾಗವನ್ನು ಯಂತ್ರ ನಾಳೆ ಮಾಡಲಿದೆ, ಯಾವ ಭಾಗ ಮನುಷ್ಯನಿಗೆ ಉಳಿಯಲಿದೆ ಎಂದು ಕೇಳಿ. ಮಗಳ ವಿಷಯದಲ್ಲಿಯೂ ಅದನ್ನೇ ಕೇಳಿ. ಶಾಲೆಯಲ್ಲಿ ಓದಲು, ಲೆಕ್ಕ ಮಾಡಲು, ಕಾರಣ ಹುಡುಕಲು ಕಲಿತ ಮಗು ಮಾತ್ರ ಬದಲಾದ ಕೆಲಸವನ್ನು ಮತ್ತೆ ಕಲಿಯಬಲ್ಲದು. ಯಂತ್ರಕ್ಕೆ ಕರುಣೆಯಿಲ್ಲ, ಕ್ರೌರ್ಯವೂ ಇಲ್ಲ. ಅದರ ಲಾಭವನ್ನು ಹಂಚುವ ಅಥವಾ ಮುಚ್ಚಿಟ್ಟುಕೊಳ್ಳುವ ನಿರ್ಧಾರ ಮನುಷ್ಯರದ್ದು. ಆ ನಿರ್ಧಾರಕ್ಕೆ ನಾವು ಅಲ್ಲಾಹನ ಮುಂದೆ ಉತ್ತರ ಹೇಳಬೇಕಾಗಿದೆ.

ಕೈಯಾರೆ ದುಡಿದು ಉಣ್ಣುವವರ ಬೆವರಿಗೆ ಅಲ್ಲಾಹನು ಬರಕತ್ ನೀಡಲಿ, ದುಡಿಸಿಕೊಳ್ಳುವವರ ಹೃದಯಕ್ಕೆ ನ್ಯಾಯಪ್ರಜ್ಞೆ ನೀಡಲಿ. ಆಮೀನ್.